ಆರನೇ ತರಗತಿಯಲ್ಲೇ ತೀರ್ಮಾನವಾಗುವ ಕಾಲೇಜು ಸೀಟು

ಕಾಸರಗೋಡಿನ ಕನ್ನಡಿಗರಾದ ನಮಗೆ ಗಡಿ ಎಂದರೆ ತಲಪಾಡಿಯೇ. ನಮ್ಮಂತೆಯೇ ಗೆರೆಯಾಚೆ ಉಳಿದ ಕನ್ನಡ ಮನೆಗಳು ಬೇರೆ ದಿಕ್ಕುಗಳಲ್ಲಿಯೂ ಇವೆ ಎಂಬುದು ನಮ್ಮ ನೆನಪಿಗೆ ಬರುವುದು ಅಪರೂಪ. ತೆಲಂಗಾಣದ ಗದ್ವಾಲ್ ಜಿಲ್ಲೆಯ ಕೆ.ಟಿ. ದೊಡ್ಡಿ, ಅಂದರೆ ಕಾಲೂರು ತಿಮ್ಮನದೊಡ್ಡಿ, ಅಂಥ ಸೀಮೆಯ ಒಂದು ಊರು. 1956ರ ನವೆಂಬರ್ 1ರಂದು ನಾವು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿದೆವಷ್ಟೆ. ಅದೇ ದಿನ ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆ ಮೈಸೂರಿಗೆ ಬಂದಿತು. ಅದರ ಗದ್ವಾಲ್ ಮತ್ತು ಆಲಂಪುರ ತಾಲೂಕುಗಳು ಮಾತ್ರ ಆಂಧ್ರದ ಪಾಲಾಗಿ ಮಹಬೂಬನಗರ ಜಿಲ್ಲೆಯನ್ನು ಸೇರಿದವು. 2014ರಲ್ಲಿ ರಾಜ್ಯದ ಹೆಸರು ಬದಲಾಯಿತು, 2016ರಲ್ಲಿ ಜಿಲ್ಲೆಯ ಹೆಸರೂ ಬದಲಾಯಿತು. ಸಂತೆಗೆ, ಆಸ್ಪತ್ರೆಗೆ, ಹೆಣ್ಣು ಕೊಟ್ಟು ತರುವುದಕ್ಕೆ ರಾಯಚೂರು ಈಗಲೂ ಹತ್ತಿರವೇ. 2013ರಿಂದ ಗದ್ವಾಲ್–ರಾಯಚೂರು ನಡುವೆ ರೈಲೂ ಇದೆ.

ಈ ಸಂಗತಿಯನ್ನು ಈಗ ಎತ್ತಿಕೊಳ್ಳಲು ಕಾರಣವಿದೆ. ಪ್ಲಸ್ ಟು ಫಲಿತಾಂಶ ಬಂದೊಡನೆ ಹೆತ್ತವರು ಅಂಕಪಟ್ಟಿ ಹಿಡಿದುಕೊಂಡು ಶಾಲೆಗೆ ಬರುತ್ತಾರೆ. "ಮಾಷ್ಟ್ರೇ, ಮಗಳಿಗೆ ಕರ್ನಾಟಕದಲ್ಲಿ ಸರಕಾರೀ ಸೀಟು ಸಿಕ್ಕೀತೇ?" ಎಂದು ಕೇಳುತ್ತಾರೆ. ಅಂಕಪಟ್ಟಿಯನ್ನು ನೋಡಿ ಇದಕ್ಕೆ ಉತ್ತರ ಹೇಳಲಾಗದು. ಮಗು ಯಾವ ಯಾವ ತರಗತಿಯನ್ನು ಎಲ್ಲೆಲ್ಲಿ ಓದಿತು ಎಂದು ಮೊದಲು ಕೇಳಬೇಕಾಗುತ್ತದೆ. ಈ ಮಾತು ಎಷ್ಟು ನಿಜವೆಂಬುದು ಕೆ.ಟಿ. ದೊಡ್ಡಿಯ ಮಕ್ಕಳ ಸ್ಥಿತಿಯನ್ನು ನೋಡಿದರೆ ಚೆನ್ನಾಗಿ ತಿಳಿಯುತ್ತದೆ.

ತೆಲಂಗಾಣದಲ್ಲಿ ಸಂವಿಧಾನದ 371ಡಿ ವಿಧಿಯ ಆಧಾರದಲ್ಲಿ 1974ರ ರಾಷ್ಟ್ರಪತಿಗಳ ಆದೇಶ ಬಂತು. ಅದರಂತೆ ಕಾಲೇಜು ಸೀಟುಗಳಲ್ಲಿ ನೂರಕ್ಕೆ 85 ಸ್ಥಳೀಯರಿಗೆ ಮೀಸಲು. ಸ್ಥಳೀಯನೆಂದರೆ ಅಲ್ಲಿ ಹುಟ್ಟಿದವನು ಎಂದಲ್ಲ. ಅರ್ಹತಾ ಪರೀಕ್ಷೆ ಮುಗಿಯುವ ತನಕ ಸತತ ನಾಲ್ಕು ವರ್ಷ ಅಲ್ಲಿ ಓದಿದವನು ಎಂಬುದೇ ಮುಖ್ಯ ಅರ್ಥ. ವೈದ್ಯಕೀಯ ಮತ್ತು ದಂತ ವೈದ್ಯಕೀಯ ಸೀಟುಗಳಿಗೆ 2024ರಲ್ಲಿ ಇದನ್ನು ಇನ್ನಷ್ಟು ಬಿಗಿಗೊಳಿಸಿ, ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ತೆಲಂಗಾಣದಲ್ಲೇ ಓದಿರಬೇಕೆಂದು ನಿಯಮ ಮಾಡಲಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿ ಹಿಡಿಯಿತು.

ಹತ್ತನೆಯದನ್ನು ಊರಲ್ಲೇ ಮುಗಿಸಿ ಪಿಯುಸಿಗೆಂದು ರಾಯಚೂರಿಗೆ ಹೋಗುವ ಹುಡುಗನನ್ನು ಊಹಿಸಿಕೊಳ್ಳಿ. ಅಲ್ಲಿ ತರಗತಿಯಲ್ಲಿ ಕನ್ನಡ ಕೇಳಿಸುತ್ತದೆ, ಉಳಿಯಲು ನೆಂಟರ ಮನೆಯೂ ಇದೆ. ತೆಲಂಗಾಣದ ಪ್ರವೇಶ ಪರೀಕ್ಷೆಯ ಪ್ರಶ್ನೆಪತ್ರಿಕೆ ಇಂಗ್ಲಿಷಿನ ಜೊತೆಗೆ ತೆಲುಗಿನಲ್ಲೋ ಉರ್ದುವಿನಲ್ಲೋ ಇರುತ್ತದೆಯೇ ಹೊರತು ಕನ್ನಡದಲ್ಲಿಲ್ಲ. ಹುಡುಗ ಗಡಿ ದಾಟುವುದು ಸಹಜವೇ. ಆದರೆ ದಾಟಿದ ದಿನವೇ ಊರಿನ ನಾಲ್ಕು ವರ್ಷದ ಲೆಕ್ಕ ಮುರಿಯಿತು. ಹೆತ್ತವರು ಹತ್ತು ವರ್ಷ ಅಲ್ಲಿ ನೆಲೆಸಿದ ಬಲದಿಂದ ಉಳಿದ 15ರಲ್ಲಿ ಸ್ಪರ್ಧಿಸಬಹುದು. ಈ ದಾರಿ ಇಕ್ಕಟ್ಟಿನದು.

ಇನ್ನು ಕರ್ನಾಟಕವಾದರೂ ಇವನನ್ನು ತನ್ನವನೆನ್ನುತ್ತದೆಯೇ? ಅಲ್ಲಿನ ಸಾಮಾನ್ಯ ನಿಯಮ ಏಳು ವರ್ಷದ್ದು. ಒಂದನೆಯದರಿಂದ ದ್ವಿತೀಯ ಪಿಯುಸಿಯೊಳಗೆ ಒಟ್ಟು ಏಳು ವರ್ಷ ಕರ್ನಾಟಕದಲ್ಲಿ ಓದಿ, ಎಸ್ಸೆಸ್ಸೆಲ್ಸಿಯನ್ನಾಗಲಿ ಪಿಯುಸಿಯನ್ನಾಗಲಿ ಅಲ್ಲಿ ಪಾಸಾಗಿರಬೇಕು. ನಮ್ಮ ಹುಡುಗನಿಗೆ ಎರಡೇ ವರ್ಷ. ಎಂಟನೆಯದಕ್ಕೇ ಹೋಗಿದ್ದರೂ ಐದು. ಆರನೆಯದಕ್ಕೆ ಹೋಗಿದ್ದರೆ ಸರಿಯಾಗಿ ಏಳು! ಹನ್ನೊಂದು ವರ್ಷದ ಮಗುವಿನ ಕೈಯಲ್ಲಿ ಯಾವ ಅಂಕಪಟ್ಟಿಯೂ ಇಲ್ಲದಿರುವಾಗಲೇ ಅದರ ಎಂಜಿನಿಯರಿಂಗ್ ಸೀಟು ಯಾವ ರಾಜ್ಯದ್ದೆಂದು ನಿಶ್ಚಯವಾಗಿಬಿಡುತ್ತದೆ. ಇದು ನ್ಯಾಯವೆಂದು ನನಗಂತೂ ಅನಿಸುವುದಿಲ್ಲ.

ಒಂದು ಸಮಾಧಾನವೆಂದರೆ ಆ ಏಳು ವರ್ಷ ಸತತವಾಗಿರಬೇಕಾಗಿಲ್ಲ. ಅಜ್ಜಿಮನೆಯಲ್ಲಿದ್ದು ಐದರವರೆಗೆ ಓದಿದ ಮಗು ಮುಂದೆ ಪಿಯುಸಿಯ ಎರಡು ವರ್ಷ ಸೇರಿಸಿದರೂ ಲೆಕ್ಕ ತುಂಬುತ್ತದೆ. ಇನ್ನೊಂದು ಉಪನಿಯಮ ಇನ್ನೂ ಉಪಕಾರಿ: ಮಗು ಎರಡು ವರ್ಷದ ಪಿಯುಸಿಯನ್ನು ಕರ್ನಾಟಕದಲ್ಲಿ ಓದಿ ಪಾಸಾಗಿ, ತಂದೆ ತಾಯಿಯರಲ್ಲಿ ಒಬ್ಬರು ಅಲ್ಲಿ ಏಳು ವರ್ಷ ಓದಿದ್ದರೆ ಸಾಕು. ಗಡಿಯ ಮನೆಗಳಲ್ಲಿ ಸೊಸೆಯ ತವರು ಎಷ್ಟೋ ಬಾರಿ ಆಚೆ ಕಡೆಯದು. ಏಳನೆಯದರವರೆಗೆ ಓದಿ ಶಾಲೆ ಬಿಟ್ಟ ತಾಯಿಯ ಹಳೆಯ ಪ್ರಮಾಣಪತ್ರ ಮಗನಿಗೆ ಸೀಟಿನ ದಾರಿ ತೆರೆಯಬಲ್ಲುದು. ಅದನ್ನು ಯಾವ ಟ್ರಂಕಿನಲ್ಲಿ ಇಟ್ಟಿದ್ದಾರೋ!

ಇವೆಲ್ಲಾ ಇಲ್ಲದವರಿಗೆ ಹೊರನಾಡು ಕನ್ನಡಿಗರ ವಿಭಾಗವಿದೆ. ಮನೆಮಾತು ಕನ್ನಡ, ತುಳು ಅಥವಾ ಕೊಡವ ಆಗಿರಬೇಕು. ಪರೀಕ್ಷಾ ಪ್ರಾಧಿಕಾರ ನಡೆಸುವ ಕನ್ನಡ ಭಾಷಾ ಪರೀಕ್ಷೆಯನ್ನು ಬರೆಯಬೇಕು. ಸೀಟುಗಳು ಕೆಲವೇ. ಇದರ ಪಕ್ಕದಲ್ಲೇ ಗಡಿನಾಡು ಕನ್ನಡಿಗರ ವಿಭಾಗ. ಅದರಲ್ಲಿ ತಾಲೂಕುಗಳ ಹೆಸರನ್ನೇ ಬರೆದಿದ್ದಾರೆ: ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ, ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ. ಆ ಪ್ರದೇಶಗಳಲ್ಲೇ ಏಳು ವರ್ಷ ಓದಿದವರಿಗೆ ಅದು ಅನ್ವಯ. ಗದ್ವಾಲ್ ಆ ಪಟ್ಟಿಯಲ್ಲಿಲ್ಲ, ಮಖ್ತಲ್, ನಾರಾಯಣಪೇಟೆಗಳೂ ಇಲ್ಲ. 1967ರ ಮಹಾಜನ ವರದಿ ಮೈಸೂರು, ಮಹಾರಾಷ್ಟ್ರ, ಕೇರಳಗಳ ಗಡಿಯನ್ನು ಕುರಿತದ್ದು. ಆಂಧ್ರದ ಗಡಿ ಅದರ ಮುಂದೆ ಇರಲೇ ಇಲ್ಲ. ಜಗಳವಾಡದೆ ಹೋದ ತಾಲೂಕಿಗೆ ಪಟ್ಟಿಯಲ್ಲೂ ಜಾಗವಿಲ್ಲ! ಗೆರೆಯಾಚೆಯ ರಾಯಚೂರಿನವರಿಗಾದರೋ 371ಜೆ ವಿಧಿಯಂತೆ ಆ ಭಾಗದ ಕಾಲೇಜುಗಳಲ್ಲಿ ನೂರಕ್ಕೆ 70, ಉಳಿದೆಡೆ ನೂರಕ್ಕೆ 8 ಸೀಟು ಮೀಸಲು. 1956ರ ತನಕ ಒಂದೇ ಜಿಲ್ಲೆಯಾಗಿದ್ದವರು ಇವರು.

ನಮ್ಮ ಮಕ್ಕಳ ಸ್ಥಿತಿ ಅಷ್ಟು ಕೆಟ್ಟದ್ದಲ್ಲ. ಕೇರಳೀಯನೆಂಬ ಗುರುತು ಹುಟ್ಟಿನಿಂದ, ಹೆತ್ತವರಿಂದ ಬರುವಂಥದು. ಮಂಗಳೂರಿನಲ್ಲಿ ಪಿಯುಸಿ ಓದಿದ ಮಾತ್ರಕ್ಕೆ ಅದು ಅಳಿಯದು. ಗಡಿನಾಡು ಪಟ್ಟಿಯಲ್ಲಿ ನಮ್ಮ ತಾಲೂಕುಗಳಿವೆ. ಆದರೆ ಎನ್.ಐ.ಟಿ.ಗಳ ವಿಷಯದಲ್ಲಿ ಎಚ್ಚರ ಬೇಕು. ಅಲ್ಲಿ ಅರ್ಧದಷ್ಟು ಸೀಟು ಆಯಾ ರಾಜ್ಯಕ್ಕೆ, ರಾಜ್ಯವೆಂದರೆ ಹನ್ನೆರಡನೆಯದನ್ನು ಪಾಸಾದ ರಾಜ್ಯ. ಕಾಸರಗೋಡಿನಲ್ಲಿ ಪ್ಲಸ್ ಟು ಮುಗಿಸಿದವನಿಗೆ ಕಲ್ಲಿಕೋಟೆ ಸ್ವಂತದ್ದು, ಕಣ್ಣೆದುರಿನ ಸುರತ್ಕಲ್ ಪರರದು. ನೀಟ್ ಪರೀಕ್ಷೆಯ ಅರ್ಜಿಯಲ್ಲಿ ಕನ್ನಡವನ್ನು ಆಯ್ದವರಿಗೆ ಪರೀಕ್ಷಾ ಕೇಂದ್ರ ಕರ್ನಾಟಕದಲ್ಲೇ ಸಿಗುವುದು ಎಂಬುದನ್ನೂ ಮರೆಯಬಾರದು.

ಈ ವಾಸದ ತಕರಾರು ಇಲ್ಲದ ಬಾಗಿಲುಗಳೂ ಇವೆ. ನೀಟ್‌ನಲ್ಲಿ ಸರಕಾರೀ ವೈದ್ಯಕೀಯ ಕಾಲೇಜುಗಳ ನೂರಕ್ಕೆ 15 ಸೀಟು ಇಡೀ ದೇಶಕ್ಕೆ ಸೇರಿದ್ದು. 1984ರ ಪ್ರದೀಪ್ ಜೈನ್ ತೀರ್ಪಿನಿಂದ ಬಂದ ಫಲವದು. 2009ರಲ್ಲಿ ಆರಂಭವಾಗಿ ಈಗ ಪೆರಿಯದಲ್ಲಿರುವ ಕೇರಳ ಕೇಂದ್ರೀಯ ವಿಶ್ವವಿದ್ಯಾನಿಲಯ, ಅದೇ ವರ್ಷ ಆರಂಭವಾಗಿ ಈಗ ಕಲಬುರಗಿಯ ಬಳಿ ಇರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾನಿಲಯ ಊರು ಯಾವುದೆಂದು ಕೇಳುವುದಿಲ್ಲ. 2022ರಿಂದ ನಡೆಯುತ್ತಿರುವ ಸಿ.ಯು.ಇ.ಟಿ. ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಪೆರಿಯದ ಬಾಗಿಲಲ್ಲಿರುವ ನಮ್ಮವರೇ ಇದಕ್ಕೆ ಅರ್ಜಿ ಹಾಕುವುದು ಕಡಿಮೆ ಎಂದು ನನ್ನ ಅನುಭವ.

ಕೆ.ಟಿ. ದೊಡ್ಡಿಯ ತಂದೆಯೊಬ್ಬರು ಕೇಳಿದರೆ ನಾನೇನು ಹೇಳಲಿ? ಕನ್ನಡ ಶಾಲೆಯ ಅಧ್ಯಾಪಕನಾಗಿ, ಮಗುವನ್ನು ಊರ ಶಾಲೆಯಲ್ಲೇ ಇರಿಸಿ ಎನ್ನಬೇಕು. ಆರನೆಯದಕ್ಕೇ ಮಕ್ಕಳು ಆಚೆ ಹೋದರೆ ಗಡಿಯ ಶಾಲೆ ಉಳಿಯದು. ಆದರೆ ಲೆಕ್ಕ ಗೊತ್ತಿದ್ದೂ ಮುಚ್ಚಿಡಲಾರೆ. ಹನ್ನೆರಡರವರೆಗೆ ಊರಲ್ಲೇ ಇರಿಸಿ, ಇಲ್ಲವೇ ಆರಕ್ಕೇ ಕಳುಹಿಸಿ, ತಾಯಿಯ ಶಾಲೆಯ ದಾಖಲೆ ಇಲ್ಲದೆ ನಡುವೆ ದಾಟಿಸಬೇಡಿ ಎಂದೇ ಹೇಳುವೆ. ನಮ್ಮ ಹೆತ್ತವರೂ ಈ ರಜೆಯಲ್ಲಿ ಒಂದು ಕೆಲಸ ಮಾಡಲಿ. ಮಗು ಓದಿದ ಪ್ರತಿಯೊಂದು ಶಾಲೆಯಿಂದ ವರ್ಷವಾರು ವ್ಯಾಸಂಗ ಪ್ರಮಾಣಪತ್ರವನ್ನು ಈಗಲೇ ಪಡೆದುಕೊಳ್ಳಲಿ, ಶಾಲಾ ದಾಖಲೆಯಲ್ಲಿ ಮಾತೃಭಾಷೆ ಏನೆಂದು ಬರೆದಿದೆಯೆಂದು ನೋಡಲಿ. ತಪ್ಪಿದ್ದರೆ ತಿದ್ದಿಸಲು ಹತ್ತನೆಯ ತರಗತಿಯ ಪರೀಕ್ಷೆಗೆ ಮೊದಲೇ ಶಾಲಾ ಕಚೇರಿಗೆ ಹೋಗುವುದು ಸುಲಭ.