ಜ್ವರ ಬಿಟ್ಟ ಮೇಲೆ ಹೃದಯದ ವರದಿ

ಮಳೆಗಾಲ ಬಂತೆಂದರೆ ನಮ್ಮ ಕಾಸರಗೋಡು ಜಿಲ್ಲೆಗೆ ಜ್ವರದ ಕಾಲವೂ ಬಂದಂತೆಯೇ. ಡೆಂಗ್ಯೂ, ಇನ್‌ಫ್ಲುಯೆಂಜಾ, ಹೆಸರು ಹೇಳಲಾಗದ ಇನ್ನಷ್ಟು ವೈರಸ್ ಜ್ವರಗಳು ಮನೆಯಿಂದ ಮನೆಗೆ ದಾಟುತ್ತವೆ. ಹೆಚ್ಚಿನವರು ವಾರ ಹತ್ತು ದಿನದಲ್ಲಿ ಎದ್ದು ಓಡಾಡುತ್ತಾರೆ. ಕೆಲವರಿಗೆ ಮಾತ್ರ ಜ್ವರ ಬಿಟ್ಟರೂ ಎದೆ ಡವಗುಟ್ಟುವುದು, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರುವುದು ನಿಲ್ಲುವುದಿಲ್ಲ. ಪರೀಕ್ಷೆ ಮಾಡಿಸಿದರೆ ಕೈಗೆ ಬರುವುದು ಇಂಗ್ಲಿಷ್ ಕಾಗದ. ವೈದ್ಯರು ವಿವರಿಸುವುದು ಮಲಯಾಳದಲ್ಲಿ. ಮನೆಯ ಹಿರಿಯರಿಗೆ ಅದು ತಿಳಿಯಬೇಕಾದದ್ದು ಕನ್ನಡದಲ್ಲಿ. ನಡುವಿನ ದುಭಾಷಿ ಶಾಲೆಗೆ ಹೋಗುವ ಮೊಮ್ಮಗ! ಹೀಗೆ ದಾಟಿ ಬರುವಾಗ ‘ಕುಳಪ್ಪಮಿಲ್ಲ’ ಎಂಬ ಒಂದು ಮಾತಿನ ಹೊರತು ಬೇರೇನೂ ಮನೆ ತಲುಪುವುದಿಲ್ಲ. ಆದುದರಿಂದ ಆ ಕಾಗದದ ಕೆಲವು ಶಬ್ದಗಳನ್ನು ಇಲ್ಲಿ ಬಿಡಿಸಿ ಹೇಳುತ್ತೇವೆ.

ವೈರಸ್ಸು ಕೆಲವೊಮ್ಮೆ ಹೃದಯದ ಸ್ನಾಯುವನ್ನೇ ತಟ್ಟುತ್ತದೆ. ಅದರೊಡನೆ ಹೋರಾಡುವ ದೇಹದ ರಕ್ಷಣಾಶಕ್ತಿಯೂ ಅಲ್ಲಿ ಉರಿಯೂತ ಹೆಚ್ಚಿಸುತ್ತದೆ. ಇದಕ್ಕೆ ಮಯೋಕಾರ್ಡೈಟಿಸ್ ಎಂದು ಹೆಸರು. ರಕ್ತನಾಳ ಕಟ್ಟಿ ಬರುವ ಹೃದಯಾಘಾತ ಬೇರೆ, ಇದು ಬೇರೆ. ಆದರೆ ಎದೆನೋವು, ಇ.ಸಿ.ಜಿ. ಎರಡರಲ್ಲೂ ಒಂದೇ ತೆರನಾಗಿರಬಹುದು. ಹಾಗಾಗಿಯೇ ಹರೆಯದ ಹುಡುಗನಿಗೂ ವೈದ್ಯರು ಆಂಜಿಯೋಗ್ರಾಂ ಹೇಳಿದರೆ ಅದು ಹಣ ಮಾಡುವ ಉಪಾಯವೆಂದು ಕೂಡಲೇ ತಿಳಿಯಬೇಕಾಗಿಲ್ಲ.

ಹೆಚ್ಚು ಗಾಬರಿ ಹುಟ್ಟಿಸುವುದು ಎಕೋ ವರದಿಯಲ್ಲಿನ ‘ಇ.ಎಫ್. 60 ಶೇಕಡಾ’ ಎಂಬ ಸಾಲು. ನೂರಕ್ಕೆ ಅರುವತ್ತೇ ಉಳಿದಿದೆ, ನಲುವತ್ತು ಹೋಯಿತು ಎಂದು ಅತ್ತವರುಂಟು. ಹಾಗಲ್ಲ. ಎಡ ಹೃತ್ಕುಕ್ಷಿಯಲ್ಲಿ 120 ಮಿಲಿಲೀಟರ್ ರಕ್ತ ತುಂಬಿತೆಂದು ಇಟ್ಟುಕೊಳ್ಳಿ. ಒಂದು ಬಡಿತಕ್ಕೆ ಅದರಲ್ಲಿ 72 ಮಿಲಿಲೀಟರ್ ಹೊರಗೆ ಹೋದರೆ ಇ.ಎಫ್. 60. ಆರೋಗ್ಯವಂತರ ಹೃದಯವೂ ಪೂರ್ತಿ ಖಾಲಿಯಾಗುವುದಿಲ್ಲ. ಸುಮಾರು 55ರಿಂದ 70ರವರೆಗಿನ ಅಂಕೆ ಸಾಮಾನ್ಯವೇ. 50ಕ್ಕಿಂತ ಇಳಿದರೆ ಪಂಪು ಸೋತಿದೆ ಎಂದು ಅರ್ಥ. 40 ಮತ್ತು ಅದಕ್ಕಿಂತ ಕೆಳಗೆ ಬಂದರೆ ಔಷಧ, ನಿಗಾ ಎರಡೂ ಬಿಗಿಯಾಗಬೇಕು. ಹಾಗೆ ಇಳಿದ ಅಂಕೆಯೂ ಅನೇಕರಲ್ಲಿ ವಾರಗಳೋ ತಿಂಗಳುಗಳೋ ಕಳೆದ ಮೇಲೆ ಏರುತ್ತದೆ. ಕೆಲವರಲ್ಲಿ ಏರದೆ ಹೃದಯ ಹಿಗ್ಗಿ ಉಳಿಯುವುದೂ ಉಂಟು. ಎಕೋವನ್ನು ಮತ್ತೆ ಮಾಡಿಸಲು ಹೇಳುವುದು ಈ ಕಾರಣಕ್ಕೆ. ಅದೇ ವರದಿಯಲ್ಲಿ ಕವಾಟದ ಸೋರಿಕೆ ‘ಟ್ರಿವಿಯಲ್’ ಎಂದಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ, ಆರೋಗ್ಯವಂತರಲ್ಲೂ ಅದು ಕಾಣುತ್ತದೆ.

ಇ.ಸಿ.ಜಿ.ಯ ತಲೆಯಲ್ಲಿ ಅಚ್ಚಾಗುವ ಇಂಗ್ಲಿಷ್ ಒಕ್ಕಣೆ ಯಂತ್ರ ತಾನಾಗಿ ಬರೆದದ್ದು. ಅದು ತಪ್ಪುವುದುಂಟು. ವೈದ್ಯರು ಕಣ್ಣಾರೆ ನೋಡಿ ಹೇಳಿದ್ದೇ ಪ್ರಮಾಣ. ಡೆಂಗ್ಯೂ ಬಿಡುವಾಗ ನಾಡಿ ನಿಧಾನವಾಗುವುದನ್ನು ವೈದ್ಯರು ಬಲ್ಲರು. ಹೆಚ್ಚಾಗಿ ಅದು ತಾನೇ ಸರಿಹೋಗುತ್ತದೆ.

ಟ್ರೊಪೋನಿನ್ ಎಂಬುದು ಹೃದಯದ ಸ್ನಾಯುವಿನೊಳಗಿನ ಪ್ರೋಟೀನು. ಸ್ನಾಯುವಿಗೆ ಪೆಟ್ಟಾದರೆ ರಕ್ತಕ್ಕೆ ಸೋರುತ್ತದೆ. ಪೆಟ್ಟಾಗಿದೆ ಎಂದು ಹೇಳೀತೇ ಹೊರತು ಯಾಕೆ ಆಯಿತೆಂದು ಹೇಳದು. ಮೂತ್ರಪಿಂಡದ ರೋಗಿಗಳಲ್ಲೂ ಹೆಚ್ಚಿರಬಹುದು. ಕೆಲವು ಗಂಟೆ ಬಿಟ್ಟು ಎರಡನೆಯ ಸಲ ರಕ್ತ ತೆಗೆದರೆ ಬೇಸರಿಸಬೇಡಿ. ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದೇ ಅಲ್ಲಿ ಮುಖ್ಯ.

ಮಯೋಕಾರ್ಡೈಟಿಸ್ ಎಂದು ಖಚಿತವಾದರೆ ವಿಶ್ರಾಂತಿಯೂ ಚಿಕಿತ್ಸೆಯೇ. ಆಟಗಾರರಿಗೆ ಸಾಮಾನ್ಯವಾಗಿ 3ರಿಂದ 6 ತಿಂಗಳು ಕಠಿಣ ಶ್ರಮ ಬೇಡವೆನ್ನುತ್ತಾರೆ. ನಮ್ಮಲ್ಲಿ ಅಡಿಕೆ ಮರ ಹತ್ತುವವರಿಗೆ, ಕಲ್ಲಿನ ಕೋರೆಯಲ್ಲಿ ದುಡಿಯುವವರಿಗೆ ಈ ಮಾತು ಆಟಗಾರರಿಗಿಂತ ಹೆಚ್ಚು ಸಲ್ಲುತ್ತದೆ. ಮರದ ತುದಿಯಲ್ಲಿ ತಲೆ ತಿರುಗಿದರೆ ಏನು ಗತಿ? ಕೂಲಿಯಿಲ್ಲದೆ ಅಷ್ಟು ದಿನ ಕೂರುವುದು ಹೇಗೆಂಬ ಪ್ರಶ್ನೆಗೆ ನಮ್ಮಲ್ಲಿಯೂ ಉತ್ತರವಿಲ್ಲ. ಆದರೆ ಮಾಡುವ ಕೆಲಸ ಯಾವುದೆಂದು ವೈದ್ಯರಿಗೆ ಬಿಡಿಸಿ ಹೇಳಿ, ಯಾವಾಗ ಮರ ಹತ್ತಬಹುದೆಂದು ನೇರವಾಗಿ ಕೇಳಬೇಕು. ಮೈಕೈ ನೋವಿಗೆಂದು ಅಂಗಡಿಯ ನೋವಿನ ಮಾತ್ರೆ ನುಂಗುವುದೂ ಬೇಡ. ಡೆಂಗ್ಯೂವಿನಲ್ಲಿ ಐಬುಪ್ರೊಫೇನ್, ಆಸ್ಪಿರಿನ್ ರಕ್ತಸ್ರಾವಕ್ಕೆ ದಾರಿ.

ಎದೆನೋವು, ಮಲಗಿದರೆ ಉಸಿರು ಕಟ್ಟುವುದು, ಬವಳಿ ಬಂದು ಬೀಳುವುದು, ಕಾಲು ಬಾತು ಬರುವುದು, ಇವುಗಳಲ್ಲಿ ಯಾವುದು ಕಂಡರೂ ಮರುದಿನದ ಒ.ಪಿ.ಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಆಂಬುಲೆನ್ಸಿಗೆ 108.

ಮಂಗಳೂರಿಗೆ ಹೋಗುವವರು ಇಲ್ಲಿಯ ಕಾಗದಗಳನ್ನೆಲ್ಲ ಜತೆಗೆ ಒಯ್ಯಬೇಕು. ಹಳೆಯ ಇ.ಸಿ.ಜಿ. ಇದ್ದರೆ ಹೊಸದರೊಂದಿಗೆ ಹೋಲಿಸಿ ಬದಲಾವಣೆ ಈಚಿನದೋ ಹಿಂದಿನದೋ ಎಂದು ತಿಳಿಯಬಹುದು. ಇ.ಸಿ.ಜಿ.ಯ ನುಣುಪು ಕಾಗದ ಬಿಸಿಲಿಗೆ, ಸೆಕೆಗೆ ಮಾಸಿಹೋಗುತ್ತದೆ. ಮಾಡಿಸಿದ ದಿನವೇ ಒಂದು ಝೆರಾಕ್ಸ್ ತೆಗೆಸಿಡಿ.