ಕಾರ್ಡ್ ಕಳೆದರೆ ಎಷ್ಟು ದಿನ? ಮೊದಲು ನಂಬರ್ ಉಳಿದಿದೆಯೇ ನೋಡಿ

ಪೆಟಾಲಿಂಗ್ ಜಯಾದಲ್ಲಿರುವ ಓದುಗರೊಬ್ಬರು ಬರೆದಿದ್ದರು. ಬ್ರಿಕ್‌ಫೀಲ್ಡ್ಸ್‌ನಲ್ಲಿ ಊಟ ಮುಗಿಸಿ ಬರುವಾಗ ಬೈಕಿನಲ್ಲಿ ಬಂದವರು ಬ್ಯಾಗ್ ಕಿತ್ತುಕೊಂಡು ಹೋದರಂತೆ. ಪಾಸ್‌ಪೋರ್ಟ್, ಪ್ಯಾನ್, ಆಧಾರ್ ಮೂರೂ ಅದರಲ್ಲೇ ಇದ್ದವು. ಮೈಸೂರಿನಲ್ಲಿ ಕೊಂಡ ಫ್ಲ್ಯಾಟಿನ ನೋಂದಣಿಗೆ ಉಳಿದಿದ್ದು 5 ವಾರ. ಅಷ್ಟರಲ್ಲಿ ಅಣ್ಣನ ಹೆಸರಿಗೆ ಪವರ್ ಆಫ್ ಅಟಾರ್ನಿ ಮಾಡಿ ಕಳಿಸಬೇಕಿತ್ತು. "ಯಾವುದು ಎಷ್ಟು ದಿನಕ್ಕೆ ಸಿಗುತ್ತೆ, ಮೊದಲು ಯಾವುದಕ್ಕೆ ಓಡಲಿ ಸರ್?" ಎಂದು ಕೇಳಿದ್ದರು.

ಈ ಪ್ರಶ್ನೆಗೆ ನಾನು ಬಳಸುವ ಲೆಕ್ಕ ಒಂದೇ. ಕಳೆದದ್ದು ಕಾರ್ಡ್ ಮಾತ್ರವೋ, ಅದರ ಜೊತೆ ನಂಬರೂ ಹೋಯಿತೋ? ಪ್ಯಾನ್, ಆಧಾರ್ ಕಳೆದರೆ ಹೋಗುವುದು ಪ್ಲಾಸ್ಟಿಕ್ ಅಷ್ಟೇ, ನಂಬರ್ ಸಾಯುವವರೆಗೂ ನಮ್ಮದೇ. ಪಾಸ್‌ಪೋರ್ಟ್ ಕಳೆದರೆ ನಂಬರೂ ಹೋಗುತ್ತದೆ. ಹಣದ ಕೆಲಸಗಳು ಕಚ್ಚಿಕೊಳ್ಳುವುದು ಅಲ್ಲೇ.

ನಮ್ಮ ಮಲೇಷಿಯನ್ ಸಹೋದ್ಯೋಗಿಗಳನ್ನೇ ನೋಡಿ. ಅವರ ಮೈಕಾಡ್ ಕಳೆದರೆ ಜೆಪಿಎನ್, ಅಂದರೆ ರಾಷ್ಟ್ರೀಯ ನೋಂದಣಿ ಇಲಾಖೆಗೆ ಹೋಗುತ್ತಾರೆ. ಹೆಬ್ಬೆರಳು ಒತ್ತಿದರೆ ದಾಖಲೆ ತೆರೆದುಕೊಳ್ಳುತ್ತದೆ, ಫೋಟೊ ಅಲ್ಲೇ ತೆಗೆಯುತ್ತಾರೆ, ಸಾಮಾನ್ಯವಾಗಿ ಮರುದಿನದೊಳಗೆ ಹೊಸ ಕಾರ್ಡ್. ಮೊದಲ ಸಲ ಕಳೆದರೆ 10 ರಿಂಗಿಟ್ ಶುಲ್ಕದ ಮೇಲೆ 100 ರಿಂಗಿಟ್ ದಂಡ, ಮತ್ತೆ ಮತ್ತೆ ಕಳೆದರೆ ದಂಡ ಏರುತ್ತದೆ. ಕಳ್ಳತನವಾಗಿದ್ದರೆ ಪೊಲೀಸ್ ರಿಪೋರ್ಟ್ ತೋರಿಸಿ ದಂಡ ಮನ್ನಾ ಮಾಡಿಸಿಕೊಳ್ಳಬಹುದು. 12 ಅಂಕಿಯ ನಂಬರ್ ಬದಲಾಗದ ಕಾರಣ ಬ್ಯಾಂಕ್, ಕೆಡಬ್ಲ್ಯೂಎಸ್‌ಪಿ ಯಾರಿಗೂ ಹೊಸದಾಗಿ ಏನೂ ತಿಳಿಸಬೇಕಿಲ್ಲ. ಈ ದೇಶದಲ್ಲಿ ಗುರುತಿನ ಚೀಟಿ ಶುರುವಾಗಿದ್ದು 1948ರಲ್ಲಿ, ಬ್ರಿಟಿಷರು ಕಮ್ಯುನಿಸ್ಟರ ವಿರುದ್ಧ ತುರ್ತು ಪರಿಸ್ಥಿತಿ ಹೇರಿದ್ದಾಗ. ಚಿಪ್ ಇರುವ ಮೈಕಾಡ್ ಬಂದದ್ದು 2001ರಲ್ಲಿ. ಅಷ್ಟು ವರ್ಷ ಪಳಗಿದ ವ್ಯವಸ್ಥೆ, ಅದಕ್ಕೇ ಈ ವೇಗ. ಪಿಆರ್ ಸಿಕ್ಕಿರುವ ನಮ್ಮವರ ಕೆಂಪು ಕಾರ್ಡಿಗೂ ಇದೇ ಇಲಾಖೆ.

ಎಂಪ್ಲಾಯ್‌ಮೆಂಟ್ ಪಾಸ್ ಮೇಲೆ ಇರುವ ನಮಗೆ ಆ ಭಾಗ್ಯ ಇಲ್ಲ. ಇಲ್ಲಿ ನಮ್ಮ ಗುರುತು ಅಂದರೆ ಪಾಸ್‌ಪೋರ್ಟ್. ಅದಕ್ಕೆ ಬರುವ ಮೊದಲು ಸುಲಭದ ಎರಡನ್ನು ಮುಗಿಸಿಬಿಡೋಣ.

ಪ್ಯಾನ್ ಕಳೆದರೆ ಗಾಬರಿ ಬೇಡ. ಪ್ರೋಟಿಯನ್ (ಹಿಂದಿನ ಎನ್‌ಎಸ್‌ಡಿಎಲ್) ಅಥವಾ ಯುಟಿಐಐಟಿಎಸ್‌ಎಲ್, ನಿಮ್ಮ ಕಾರ್ಡ್ ಯಾರ ಮೂಲಕ ಆಗಿತ್ತೋ ಅವರ ಜಾಲತಾಣದಲ್ಲಿ ರೀಪ್ರಿಂಟ್ ಕೇಳಿ. ಭಾರತದ ವಿಳಾಸಕ್ಕೆ 50 ರೂಪಾಯಿ, ವಿದೇಶದ ವಿಳಾಸಕ್ಕೆ 959 ರೂಪಾಯಿ. ಕಾರ್ಡ್ ಹೋಗುವುದು ತೆರಿಗೆ ಇಲಾಖೆಯ ದಾಖಲೆಯಲ್ಲಿರುವ ವಿಳಾಸಕ್ಕೆ. ಅದು ಊರಿನ ಮನೆಯೇ ಆಗಿದ್ದರೆ ಹಾಗೇ ಇರಲಿ, ಅಮ್ಮ ತೆಗೆದಿಡುತ್ತಾರೆ. ನಿಮಗೆ ಇಲ್ಲಿ ಬೇಕಾದದ್ದು ಇ-ಪ್ಯಾನ್ ಪಿಡಿಎಫ್ ಮಾತ್ರ, ಅದು 10 ರೂಪಾಯಿಯೊಳಗೆ ಅದೇ ದಿನ ಸಿಗುತ್ತದೆ, ಕಾನೂನಿನಲ್ಲಿ ಕಾರ್ಡಿನಷ್ಟೇ ಬೆಲೆಯುಳ್ಳದ್ದು. ಅವಸರದಲ್ಲಿ ಹೊಸ ಪ್ಯಾನ್‌ಗೆ ಮಾತ್ರ ಅರ್ಜಿ ಹಾಕಬೇಡಿ. ಒಬ್ಬರ ಬಳಿ ಎರಡು ಪ್ಯಾನ್ ಇದ್ದರೆ 10,000 ರೂಪಾಯಿ ದಂಡ.

ಆಧಾರ್ ಇನ್ನೂ ಸುಲಭ, ಒಂದು ಷರತ್ತಿನ ಮೇಲೆ: ನೋಂದಾಯಿಸಿದ ಮೊಬೈಲ್ ಜೀವಂತ ಇರಬೇಕು. ಇದ್ದರೆ ಐದು ನಿಮಿಷದಲ್ಲಿ ಇ-ಆಧಾರ್ ಇಳಿಸಿಕೊಳ್ಳಬಹುದು. ಪಿವಿಸಿ ಕಾರ್ಡ್ ಬೇಕೆಂದರೆ 5 ಕೆಲಸದ ದಿನಗಳೊಳಗೆ ಅಂಚೆಗೆ ಹಾಕುತ್ತಾರೆ, ಅದು ಸ್ಪೀಡ್ ಪೋಸ್ಟಿನಲ್ಲಿ ಆಧಾರ್‌ನಲ್ಲಿರುವ ವಿಳಾಸಕ್ಕೆ ಹೋಗುತ್ತದೆ. ಆದರೆ ನಮ್ಮಲ್ಲಿ ಬಹಳ ಜನ ಇಲ್ಲಿಗೆ ಬಂದ ಮೇಲೆ ಊರಿನ ಸಿಮ್ ಅನ್ನು ಡ್ರಾಯರಿನಲ್ಲಿ ಎಸೆದಿರುತ್ತಾರೆ. 90 ದಿನ ಬಳಸದೆ ಬಿಟ್ಟರೆ ಪ್ರೀಪೇಯ್ಡ್ ನಂಬರನ್ನು ಕಂಪನಿ ನಿಲ್ಲಿಸಬಹುದು, ಆಮೇಲೆ ಬೇರೆಯವರಿಗೂ ಕೊಡಬಹುದು. ಮಲೇಷಿಯಾದ ನಂಬರಿಗೆ ಆಧಾರ್ ಒಟಿಪಿ ಬರುವುದಿಲ್ಲ. ಆಗ ಐದು ನಿಮಿಷದ ಕೆಲಸಕ್ಕೆ ಮುಂದಿನ ಊರಿನ ಪ್ರವಾಸದವರೆಗೆ ಕಾಯಬೇಕಾದೀತು. ಸಿಮ್‌ನಲ್ಲಿ ಕನಿಷ್ಠ 20 ರೂಪಾಯಿ ಬ್ಯಾಲೆನ್ಸ್ ಇಟ್ಟು ಉಳಿಸಿಕೊಳ್ಳಿ ಎಂದು ನಾನು ಪದೇ ಪದೇ ಬರೆಯುವುದು ಇದಕ್ಕೇ. ಬ್ಯಾಂಕ್, ಡಿಮ್ಯಾಟ್ ಎಲ್ಲದರ ಒಟಿಪಿಯೂ ಅದರ ಮೇಲೇ ನಿಂತಿದೆ.

ಈಗ ಪಾಸ್‌ಪೋರ್ಟ್. ಮೊದಲು ಪೊಲೀಸ್ ಠಾಣೆಯಲ್ಲಿ ರಿಪೋರ್ಟ್, ಅದೇ ದಿನ. ಪಾಸ್‌ಪೋರ್ಟ್ ಕೈಯಲ್ಲಿಲ್ಲದೆ ರಸ್ತೆಯಲ್ಲಿ ತಪಾಸಣೆಗೆ ಸಿಕ್ಕರೆ ತೋರಿಸಲು ಇರುವುದು ಅದೊಂದೇ, ಪ್ರತಿ ಜೇಬಿನಲ್ಲಿರಲಿ. ಆಮೇಲೆ ಕ್ವಾಲಾಲಂಪುರದ ಭಾರತೀಯ ಹೈಕಮಿಷನ್‌ಗೆ ತಿಳಿಸಿ, ಕಳೆದ ಪಾಸ್‌ಪೋರ್ಟ್‌ಗೆ ಬದಲಿ ಕೇಳಿ ಅರ್ಜಿ. ಒಮ್ಮೆ ಕಳೆದಿದೆ ಎಂದು ಬರೆದುಕೊಟ್ಟರೆ ಹಳೆಯದು ರದ್ದು. ನಾಳೆ ಸೋಫಾ ಸಂದಿಯಲ್ಲಿ ಸಿಕ್ಕರೂ ಅದರಲ್ಲಿ ಪ್ರಯಾಣ ಮಾಡುವಂತಿಲ್ಲ, ಆದ್ದರಿಂದ ಕಳ್ಳತನವಲ್ಲದಿದ್ದರೆ ಮನೆಯನ್ನೊಮ್ಮೆ ಜಾಲಾಡಿ. ನಿಮ್ಮ ವಿವರ ಭಾರತದಲ್ಲಿ ಪರಿಶೀಲನೆಯಾಗಿ ಬರಬೇಕು. ಹೀಗಾಗಿ ಇದು ದಿನಗಳ ಲೆಕ್ಕವಲ್ಲ, ವಾರಗಳ ಲೆಕ್ಕ.

ಪುಸ್ತಕ ಕೈಗೆ ಬಂದಾಗ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಅರ್ಧ ಕೆಲಸ ಶುರುವಾಗುವುದೇ ಆಗ. ಎಂಪ್ಲಾಯ್‌ಮೆಂಟ್ ಪಾಸ್ ಹಳೆಯ ನಂಬರಿಗೆ ಅಂಟಿಕೊಂಡಿದೆ, ಅದನ್ನು ಹೊಸದಕ್ಕೆ ವರ್ಗಾಯಿಸಲು ನಿಮ್ಮ ಕಂಪನಿಯ ಎಚ್‌ಆರ್ ಇಮಿಗ್ರೇಷನ್‌ಗೆ ಹೋಗಬೇಕು. ಇಲ್ಲಿನ ಬ್ಯಾಂಕ್ ಖಾತೆ, ಸಿಮ್, ಎಲ್‌ಎಚ್‌ಡಿಎನ್ ತೆರಿಗೆ ದಾಖಲೆ ಎಲ್ಲದರಲ್ಲೂ ಹಳೆಯ ನಂಬರ್. 2025ರ ಅಕ್ಟೋಬರ್ ಸಂಬಳದಿಂದ ವಿದೇಶಿ ನೌಕರರಿಗೂ ಕೆಡಬ್ಲ್ಯೂಎಸ್‌ಪಿ ಕಡ್ಡಾಯವಾಗಿದೆ, ನಮ್ಮದು 2%, ಕಂಪನಿಯದು 2%. ಆ ಖಾತೆಯಲ್ಲೂ ನಂಬರ್ ಸರಿಮಾಡಿಸದಿದ್ದರೆ ದೇಶ ಬಿಡುವ ದಿನ ನಿಮ್ಮದೇ ದುಡ್ಡಿಗೆ ನೀವು ಯಾರೆಂದು ಸಾಬೀತು ಮಾಡುತ್ತಾ ಕೂರಬೇಕಾದೀತು. ಭಾರತದಲ್ಲಿ ಎನ್‌ಆರ್‌ಇ, ಎನ್‌ಆರ್‌ಒ ಖಾತೆ ಮತ್ತು ಮ್ಯೂಚುವಲ್ ಫಂಡ್ ಕೆವೈಸಿ. ಇಷ್ಟೂ ಕಡೆ ಹಳೆ ನಂಬರಿನ ಮನುಷ್ಯನೇ ಹೊಸ ನಂಬರಿನವನು ಎಂದು ತೋರಿಸಬೇಕು. ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ಹಳೆಯ ನಂಬರಿಗೆ ಒಂದು ಸಾಲು ಇದೆ, ಅದು ಮುದ್ರಣವಾಗಿದೆಯೇ ಎಂದು ಕೌಂಟರಿನಲ್ಲೇ ನೋಡಿಕೊಳ್ಳಿ.

ಪೆಟಾಲಿಂಗ್ ಜಯಾದ ಓದುಗರ ಫ್ಲ್ಯಾಟಿಗೆ ಬರೋಣ. ಹೈಕಮಿಷನ್‌ನಲ್ಲಿ ಪವರ್ ಆಫ್ ಅಟಾರ್ನಿಗೆ ಸಹಿ ಹಾಕಲು ಮೂಲ ಪಾಸ್‌ಪೋರ್ಟ್ ಬೇಕು, ಅಂದರೆ ಹೊಸದು ಬರುವವರೆಗೆ ಆ ದಾರಿ ಬಂದ್. ಬಂದ ಮೇಲೂ ಪತ್ರ ಊರಿಗೆ ತಲುಪಿದ 3 ತಿಂಗಳೊಳಗೆ ಅದಕ್ಕೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು, ಆಮೇಲೆಯೇ ಸಬ್ ರಿಜಿಸ್ಟ್ರಾರ್ ಮುಂದೆ ಅಣ್ಣ ನಿಲ್ಲಬಹುದು. 5 ವಾರಕ್ಕೆ ಇದು ಹಿಡಿಸುವುದಿಲ್ಲ.

ಅವರ ಸ್ನೇಹಿತರೊಬ್ಬರು ಕೊಟ್ಟ ಸಲಹೆ: ಎಮರ್ಜೆನ್ಸಿ ಸರ್ಟಿಫಿಕೇಟ್ ತಗೊಂಡು ನೀವೇ ಮೈಸೂರಿಗೆ ಹೋಗಿ ಸಹಿ ಹಾಕಿ ಬನ್ನಿ. ಹೋಗುವುದು ಸರಿ, ಬರುವುದು ಹೇಗೆ? ಆ ಸರ್ಟಿಫಿಕೇಟ್ ಭಾರತಕ್ಕೆ ಒಂದು ದಾರಿಯ ಪ್ರಯಾಣಕ್ಕೆ ಮಾತ್ರ, ಹೊರಡಲೂ ಇಲ್ಲಿನ ಇಮಿಗ್ರೇಷನ್ ಅನುಮತಿ ಬೇಕು. ಊರಿನಲ್ಲಿ ಹೊಸ ಪಾಸ್‌ಪೋರ್ಟ್ ಮಾಡಿಸಿಕೊಂಡು, ಪಾಸ್ ಇಲ್ಲದ ಖಾಲಿ ಪುಸ್ತಕ ಹಿಡಿದು ಕೆಲಸಕ್ಕೆ ಮರಳುವ ದಾರಿ ಹುಡುಕಬೇಕು. ತಂದೆ ತಾಯಿಗೆ ಹುಷಾರಿಲ್ಲ ಎಂದಾದರೆ ಅದೆಲ್ಲ ಯೋಚಿಸದೆ ಹೊರಡಿ. ಒಂದು ಫ್ಲ್ಯಾಟಿಗಾಗಿ ಸಂಬಳದ ಕೆಲಸವನ್ನು ಪಣಕ್ಕಿಡುವುದು ನನಗೆ ಸರಿ ಕಾಣುವುದಿಲ್ಲ.

ನಾನು ಹೇಳಿದ್ದು ಇಷ್ಟು. ಪೊಲೀಸ್ ರಿಪೋರ್ಟಿನ ಪ್ರತಿ ಲಗತ್ತಿಸಿ ಮಾರಾಟಗಾರರಿಗೆ ಇವತ್ತೇ ಇಮೇಲ್ ಬರೆಯಿರಿ, ನೋಂದಣಿ ದಿನಾಂಕ ಮುಂದೂಡಲು ಕೇಳಿ, ಒಪ್ಪಿದರೆ ಬರೀ ಬಾಯಿಮಾತಲ್ಲ, ಕರಾರಿಗೆ ಪೂರಕ ಪತ್ರ ಮಾಡಿಸಿ. ಮುಂಗಡ ಮುಟ್ಟುಗೋಲಿನ ಷರತ್ತು ಇದ್ದರೆ ಅದನ್ನು ಮೈಸೂರಿನ ವಕೀಲರಿಗೆ ಓದಿಸಿ. ಮನೆ ಸಾಲ ಮಂಜೂರಾಗಿದ್ದರೆ ಆ ಪತ್ರದ ಅವಧಿಯೂ ಮುಗಿಯುತ್ತದೆ, ಬ್ಯಾಂಕಿಗೂ ತಿಳಿಸಿ. ಪ್ಯಾನ್, ಆಧಾರ್ ಆ ಸಂಜೆಯೇ ಮುಗಿಸಿ, ಯುಐಡಿಎಐ ಜಾಲತಾಣದಲ್ಲಿ ಬಯೋಮೆಟ್ರಿಕ್ ಲಾಕ್ ಹಾಕಿ. ಕಳ್ಳರ ಕೈಯಲ್ಲಿ ಮೂರು ದಾಖಲೆ ಒಟ್ಟಿಗೆ ಇವೆ, ನಿಮ್ಮ ಹೆಸರಿನಲ್ಲಿ ಸಾಲಕ್ಕೆ ಯಾರಾದರೂ ಕೈಹಾಕಿದರೆ ಅದು ಕ್ರೆಡಿಟ್ ರಿಪೋರ್ಟಿನಲ್ಲಿ ಕಾಣುತ್ತದೆ. ಪ್ರತಿ ಬ್ಯೂರೊ ವರ್ಷಕ್ಕೊಂದು ರಿಪೋರ್ಟ್ ಉಚಿತವಾಗಿ ಕೊಡಬೇಕು. ಒಂದೇ ದಿನ ಎಲ್ಲವನ್ನೂ ತರಿಸಿಕೊಳ್ಳದೆ, ಎರಡು ಮೂರು ತಿಂಗಳಿಗೊಂದರಂತೆ ಒಂದೊಂದು ಬ್ಯೂರೊದಿಂದ ತರಿಸಿಕೊಳ್ಳಿ.