ಎಣಿಕೆಗೆ ಬೀಗವೆಲ್ಲಿ ಬೇಕು, ಎಲ್ಲಿ ಬೇಡ?

ಶಿರಸಿ, ಸಿದ್ದಾಪುರ, ಯಲ್ಲಾಪುರಗಳು ಅಡಿಕೆಯ ಸೀಮೆ. ಈ ಮೂರು ತಾಲ್ಲೂಕುಗಳ ಅಡಿಕೆಗೆ 2019ರಲ್ಲಿ 'ಶಿರಸಿ ಸುಪಾರಿ' ಎಂಬ ಹೆಸರಿನಿಂದ ಭೌಗೋಲಿಕ ಸೂಚಕದ ಮನ್ನಣೆ ದೊರೆಯಿತು. ಅಲ್ಲಿಯ ವಖಾರಿಯೊಂದರಲ್ಲಿ ಇಬ್ಬರು ಗುಮಾಸ್ತರು ಒಂದೇ ಪುಸ್ತಕದಲ್ಲಿ ಚೀಲಗಳ ಲೆಕ್ಕವಿಡುವರೆಂದು ಭಾವಿಸೋಣ. ಪುಸ್ತಕದಲ್ಲಿ 40 ಎಂದಿದೆ. ಇಬ್ಬರೂ ಏಕಕಾಲದಲ್ಲಿ ಅದನ್ನೋದಿ, ತಂತಮ್ಮ ಚೀಲವೊಂದನ್ನು ಕೂಡಿಸಿ, 41 ಎಂದು ಬರೆಯುತ್ತಾರೆ. ಬಂದ ಚೀಲಗಳು ಎರಡು. ಏರಿದ ಲೆಕ್ಕ ಒಂದೇ!

ಗಣಕಯಂತ್ರದಲ್ಲಿಯೂ ಇದೇ ತೊಡಕುಂಟು. ಅದರ ಕಾರ್ಯಾಚರಣ ವ್ಯವಸ್ಥೆಯ ತಿರುಳಿಗೆ 'ಕರ್ನೆಲ್' ಎಂದು ಹೆಸರು. ಸ್ಮೃತಿಯ ಒಂದು ಭಾಗವನ್ನು ಎಷ್ಟು ಮಂದಿ ಬಳಸುತ್ತಿರುವರೆಂಬುದನ್ನು ಕರ್ನೆಲ್ ಎಣಿಸುತ್ತದೆ. ಎಣಿಕೆ ಸೊನ್ನೆಯಾದೊಡನೆ ಅದನ್ನು ಬೇರೊಬ್ಬರಿಗೆ ಕೊಡುತ್ತದೆ. ಎಣಿಕೆಯಲ್ಲಿ ಒಂದು ಕಳೆದುಹೋದರೆ, ಒಬ್ಬನು ಬಳಸುತ್ತಿರುವಾಗಲೇ ಅವನ ಬರಹದ ಮೇಲೆ ಮತ್ತೊಬ್ಬನು ಬರೆದಾನು. ಆದುದರಿಂದ ಓದುವುದು, ಕೂಡುವುದು, ಬರೆಯುವುದು ಈ ಮೂರನ್ನೂ ನಡುವೆ ಯಾರೂ ಕೈಹಾಕದಂತೆ ಒಂದೇ ಕ್ರಿಯೆಯಾಗಿ ನಡೆಸುವ ಆದೇಶಗಳು ಸಂಸ್ಕಾರಕಗಳಲ್ಲಿವೆ. ಇವೇ 'ಅಟಾಮಿಕ್' ಕ್ರಿಯೆಗಳು. ಗ್ರೀಕ್ ಮೂಲದ ಆ ಪದಕ್ಕೆ 'ಕತ್ತರಿಸಲಾಗದುದು' ಎಂದೇ ಅರ್ಥ.

ಆದರೆ ಈ ಭದ್ರತೆ ಅಗ್ಗವಲ್ಲ. ಪ್ರತಿಯೊಂದು ಸಂಸ್ಕಾರಕಕ್ಕೂ 'ಕ್ಯಾಶ್' ಎಂಬ ತನ್ನದೇ ಆದ ಕಿರುಸ್ಮೃತಿಯುಂಟು. ಎಣಿಕೆಯನ್ನು ಬದಲಿಸಬೇಕಾದರೆ ಅದಿರುವ ಸಾಲನ್ನು, ಸಾಮಾನ್ಯವಾಗಿ 64 ಬೈಟುಗಳನ್ನು, ತನ್ನೊಬ್ಬನ ವಶಕ್ಕೆ ತೆಗೆದುಕೊಳ್ಳಬೇಕು. ಹಲವು ಸಂಸ್ಕಾರಕಗಳು ಒಂದೇ ಎಣಿಕೆಗೆ ಕೈಚಾಚಿದರೆ, ಆ ಸಾಲು ಒಬ್ಬರಿಂದೊಬ್ಬರಿಗೆ ಅಲೆಯುವುದರಲ್ಲಿಯೇ ಕಾಲ ವ್ಯಯವಾಗುತ್ತದೆ. ಪೈಪೋಟಿಯಿಲ್ಲದಾಗಲೂ ಅಟಾಮಿಕ್ ಕ್ರಿಯೆ ಸಾಮಾನ್ಯ ಸಂಕಲನಕ್ಕಿಂತ ನಿಧಾನ.

ಹಾಗಾದರೆ ಇದನ್ನು ಎಲ್ಲಿ ಬಿಡಬಹುದು? ಈಗತಾನೇ ನಿರ್ಮಿಸಿದ, ಇನ್ನೂ ಯಾರ ಕಣ್ಣಿಗೂ ಬೀಳದ ವಸ್ತುವಿಗೆ ಬೀಗವೇಕೆ? ಇನ್ನೊಂದು ಉಪಾಯವನ್ನು 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಕರ್ನೆಲ್‌ನಲ್ಲಿ ಕಾಣುತ್ತೇವೆ. ಜಾಲದಿಂದ ಬಂದ ದತ್ತಾಂಶದ ಪೊಟ್ಟಣವನ್ನು ವಿಸರ್ಜಿಸುವಾಗ ಅದು ಮೊದಲು ಎಣಿಕೆಯನ್ನು ಓದಿ ನೋಡುತ್ತದೆ. ಎಣಿಕೆ 1 ಆಗಿದ್ದರೆ ಅಟಾಮಿಕ್ ವ್ಯವಕಲನವನ್ನೇ ಮಾಡುವುದಿಲ್ಲ. ಇದು ಕ್ಷೇಮವೆ? ಹೌದು, ಎಣಿಕೆಯನ್ನು ಏರಿಸಬಲ್ಲವನು ಈಗಾಗಲೇ ಒಂದು ಹಿಡಿತವನ್ನು ಹೊಂದಿರಬೇಕು. ಹಿಡಿದಿರುವವನು ತಾನೊಬ್ಬನೇ ಆದರೆ ಏರಿಸುವವರು ಯಾರು?

ಮೂರನೆಯ ಮಾರ್ಗದಲ್ಲಿ ಪ್ರತಿಯೊಂದು ಸಂಸ್ಕಾರಕವೂ ತನ್ನ ಲೆಕ್ಕವನ್ನು ತಾನೇ ಇಡುತ್ತದೆ. ಬೇಕಾದಾಗ ಎಲ್ಲವನ್ನೂ ಕೂಡಿಸಲಾಗುತ್ತದೆ. ಗುಮಾಸ್ತರು ತಂತಮ್ಮ ಚೀಟಿಯಲ್ಲಿ ಬರೆದು ಸಂಜೆ ಮೊತ್ತ ಹಾಕಿದಂತೆ. ಆದರೆ ನಡುಹಗಲಿನಲ್ಲಿ ನಿಖರವಾದ ಮೊತ್ತ ಸುಲಭವಾಗಿ ಸಿಗದು. ಆದುದರಿಂದ ಅಂಕಿಅಂಶಗಳಿಗೆ ಇದು ಒಪ್ಪುತ್ತದೆ. ಸೊನ್ನೆಯಾದ ಕ್ಷಣವನ್ನೇ ಅರಿಯಬೇಕಾದಲ್ಲಿ ಇದೊಂದೇ ಸಾಲದು.

ಬೀಗ ತೆಗೆದ ಕಾರ್ಯಕ್ರಮ ಸಾವಿರ ಸಲ ಸರಿಯಾಗಿ ನಡೆದು, ಸಾವಿರದೊಂದನೆಯ ಸಲ ಎಡವೀತು. ಆದಕಾರಣ ಇಲ್ಲಿ ಪರೀಕ್ಷೆಯೊಂದೇ ಸಾಲದು. ಬೀಗ ಏಕೆ ಬೇಡವೆಂಬುದನ್ನು ಮೊದಲು ತರ್ಕದಿಂದ ಸಾಧಿಸಬೇಕು.